ಮಿದುಳಿನಲ್ಲೊಂದು ಚಿಟಿಕೆ ತಾಮ್ರ

ಜೀವವಿಲ್ಲದ ಪ್ರೋಟೀನೊಂದು ರೋಗ ಹರಡಬಲ್ಲದು ಎಂದಾಗ ವಿಜ್ಞಾನಿಗಳೇ ನಂಬಲಿಲ್ಲ. ಅದೇ ಪ್ರೋಟೀನು ತಾಮ್ರವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಗೊತ್ತಾದಾಗ ಹೊಸದೊಂದು ವಾದ ಹುಟ್ಟಿತು. ರೋಗದ ಬೇರು ಆಹಾರದಲ್ಲಿದೆಯೇ, ಮಣ್ಣಿನ ಲೋಹದಲ್ಲಿದೆಯೇ? ಆ ಪ್ರಶ್ನೆಯ ಬೆನ್ನು ಹತ್ತಿದವರ ಕಥೆ ಇದು.

1990ರ ಮೇ ತಿಂಗಳು. ಬ್ರಿಟನ್ನಿನ ಕೃಷಿ ಸಚಿವ ಜಾನ್ ಗಮ್ಮರ್ ಟಿ.ವಿ. ಕ್ಯಾಮೆರಾಗಳ ಮುಂದೆ ನಿಂತು, ನಾಲ್ಕು ವರ್ಷದ ತಮ್ಮ ಮಗಳ ಬಾಯಿಗೆ ದನದ ಮಾಂಸದ ಬರ್ಗರ್ ಹಿಡಿದರು. ಮಗು ಮುಖ ತಿರುಗಿಸಿತು. ಸಚಿವರು ತಾವೇ ಕಚ್ಚಿ ತಿಂದು, ರುಚಿಯಾಗಿದೆ ಎಂದರು. ದೇಶದ ಹಸುಗಳಿಗೆ ವಿಚಿತ್ರ ಕಾಯಿಲೆ ಬಡಿದಿದ್ದರೂ ಮಾಂಸ ತಿನ್ನಲು ಭಯವಿಲ್ಲ ಎಂದು ತಂದೆತಾಯಿಯರಿಗೆ ಭರವಸೆ ಕೊಡುವುದು ಅವರ ಉದ್ದೇಶವಾಗಿತ್ತು.

ಆರು ವರ್ಷ ತುಂಬುವ ಮೊದಲೇ ಆ ಭರವಸೆ ಕುಸಿಯಿತು. 1996ರ ಮಾರ್ಚ್ 20ರಂದು ಆರೋಗ್ಯ ಸಚಿವ ಸ್ಟೀಫನ್ ಡೊರೆಲ್ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಹತ್ತು ಮಂದಿಗೆ ಹೊಸ ಬಗೆಯ ಮಿದುಳು ರೋಗ ತಗುಲಿದೆ, ಹಸುವಿನ ಕಾಯಿಲೆಯೇ ಅದರ ಮೂಲವಾಗಿರುವ ಸಂಭವ ಹೆಚ್ಚು ಎಂದು ಪ್ರಕಟಿಸಿದರು. ಮುಪ್ಪಿನಲ್ಲಿ ಬರುತ್ತಿದ್ದ ರೋಗವನ್ನು ಹೋಲುವ ಈ ಕಾಯಿಲೆ ಹರೆಯದವರನ್ನು ಹಿಡಿದಿತ್ತು. ಮುಂದಿನ ವರ್ಷಗಳಲ್ಲಿ ಬ್ರಿಟನ್ ಒಂದರಲ್ಲೇ 178 ಮಂದಿ ಇದಕ್ಕೆ ಬಲಿಯಾದರು. ಯಾರೂ ಗುಣವಾಗಲಿಲ್ಲ.

ಕುರಿಯಿಂದ ಶುರುವಾದ ಕಥೆ

ಈ ರೋಗಗಳ ಕುಟುಂಬ ಹೊಸದೇನಲ್ಲ. ಯುರೋಪಿನ ಕುರಿಗಾಹಿಗಳಿಗೆ 250 ವರ್ಷಗಳಿಂದಲೂ 'ಸ್ಕ್ರೇಪಿ' ಗೊತ್ತಿತ್ತು. ರೋಗ ಬಂದ ಕುರಿ ಬೇಲಿಗೆ, ಕಂಬಕ್ಕೆ ಮೈ ಉಜ್ಜಿ ಉಜ್ಜಿ ಉಣ್ಣೆ ಕಳೆದುಕೊಳ್ಳುತ್ತದೆ. ಆಮೇಲೆ ತೂರಾಡುತ್ತದೆ, ಬೀಳುತ್ತದೆ, ಸಾಯುತ್ತದೆ. ಸತ್ತ ಕುರಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸ್ಪಂಜಿನಂತೆ ತೂತುತೂತು. 1936ರಲ್ಲಿ ಫ್ರಾನ್ಸಿನ ಪಶುವೈದ್ಯರಾದ ಕ್ವಿಯೆ ಮತ್ತು ಶೆಲ್ ಎಂಬಿಬ್ಬರು ರೋಗಿ ಕುರಿಯ ನರದ ಅಂಶವನ್ನು ಆರೋಗ್ಯವಂತ ಕುರಿಗೆ ಚುಚ್ಚಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದರು. ಕುರಿಗೆ ರೋಗ ಬಂತು. ಹಾಗಾದರೆ ಇದು ಸೋಂಕು. ಆದರೆ ಸೋಂಕುಕಾರಿ ಯಾವುದು?

ಅತ್ತ ಪಪುವಾ ನ್ಯೂಗಿನಿಯ ಬೆಟ್ಟನಾಡಿನಲ್ಲಿ ಫೋರೆ ಎಂಬ ಬುಡಕಟ್ಟಿನ ಹೆಂಗಸರು, ಮಕ್ಕಳು 'ಕುರು' ಎಂಬ ಕಾಯಿಲೆಯಿಂದ ಸಾಯುತ್ತಿದ್ದರು. ಕುರು ಎಂದರೆ ಅವರ ಭಾಷೆಯಲ್ಲಿ ನಡುಕ. 1957ರಲ್ಲಿ ಅಲ್ಲಿಗೆ ಹೋದ ಅಮೆರಿಕದ ವೈದ್ಯ ಕಾರ್ಲ್‌ಟನ್ ಗಾಜ್ದುಸೆಕ್ ಅವರು ಅಲ್ಲೇ ಕೆಲಸ ಮಾಡುತ್ತಿದ್ದ ವೈದ್ಯ ವಿನ್ಸೆಂಟ್ ಝಿಗಾಸ್ ಅವರೊಡನೆ ಊರೂರು ಅಲೆದರು. ವಿಷವೇ, ಸೋಂಕೇ, ಆಹಾರದ ಕೊರತೆಯೇ, ವಂಶದಲ್ಲಿ ಬಂದದ್ದೇ? ಒಂದೂ ಕೈಗೆ ಹತ್ತಲಿಲ್ಲ. ದಾರಿ ತೋರಿಸಿದವರು ಪಶುವೈದ್ಯ ವಿಲಿಯಂ ಹ್ಯಾಡ್ಲೋ. ಲಂಡನ್ನಿನ ಪ್ರದರ್ಶನವೊಂದರಲ್ಲಿ ಕುರು ರೋಗಿಯ ಮಿದುಳಿನ ಚಿತ್ರ ಕಂಡ ಅವರಿಗೆ ಸ್ಕ್ರೇಪಿ ಕುರಿಯ ಮಿದುಳೇ ನೆನಪಾಯಿತು. 1959ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಅವರು ಬರೆದ ಕಾಗದವೊಂದು ಕುರಿಯ ಕಾಯಿಲೆಯನ್ನೂ ಮನುಷ್ಯರ ಕಾಯಿಲೆಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು.

ಸತ್ತ ಬಂಧುಗಳ ದೇಹವನ್ನು, ಮಿದುಳನ್ನೂ ಸೇರಿಸಿ, ಶ್ರದ್ಧೆಯಿಂದ ತಿನ್ನುವ ಶವಸಂಸ್ಕಾರದ ಪದ್ಧತಿ ಫೋರೆ ಜನರಲ್ಲಿತ್ತು. ಕುರು ಹರಡುತ್ತಿದ್ದುದು ಆ ದಾರಿಯಲ್ಲಿ. 1966ರಲ್ಲಿ ಗಾಜ್ದುಸೆಕ್ ಮತ್ತು ಸಂಗಡಿಗರು ಈ ರೋಗವನ್ನು ಚಿಂಪಾಂಜಿಗಳಿಗೆ ದಾಟಿಸಿ ತೋರಿಸಿದರು. 1976ರಲ್ಲಿ ಅವರಿಗೆ ನೊಬೆಲ್ ಬಹುಮಾನ ಬಂತು. ಅಷ್ಟರಲ್ಲಿ ಆ ಪದ್ಧತಿ ನಿಂತುಹೋಗಿತ್ತು. ಅದು ನಿಂತ ಮೇಲೆ ಹುಟ್ಟಿದ ಮಕ್ಕಳಿಗೆ ಕುರು ಬರಲಿಲ್ಲ.

ದೋಣಿಯನ್ನು ವಿಮಾನವಾಗಿಸುವ ಪ್ರೋಟೀನು

ಸೋಂಕುಕಾರಿಯ ಹಟಮಾರಿತನ ವಿಜ್ಞಾನಿಗಳನ್ನು ಕಾಡುತ್ತಿತ್ತು. ಕುದಿಸಿದರೆ ಸಾಯದು, ಫಾರ್ಮಾಲಿನ್ನಿಗೆ ಬಗ್ಗದು. ಡಿಎನ್‌ಎಯನ್ನು ಛಿದ್ರಗೊಳಿಸುವ ನೇರಳಾತೀತ ಕಿರಣಗಳೂ ಇದನ್ನು ಅಲುಗಿಸಲಿಲ್ಲ ಎಂದು 1960ರ ದಶಕದಲ್ಲಿ ಲಂಡನ್ನಿನ ಟಿಕ್ವಾ ಆಲ್ಪರ್ ತೋರಿಸಿದರು. ಡಿಎನ್‌ಎ ಇಲ್ಲದೆ ರೋಗಾಣು ತನ್ನ ಸಂತಾನ ಬೆಳೆಸುವುದಾದರೂ ಹೇಗೆ?

1972ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಆಸ್ಪತ್ರೆಯೊಂದಕ್ಕೆ ನೆನಪು ಮಾಸುತ್ತಿದ್ದ, ದಿನದ ಸಣ್ಣಪುಟ್ಟ ಕೆಲಸಗಳೂ ಕೈಗೆ ಹತ್ತದಿದ್ದ ಮಹಿಳೆಯೊಬ್ಬರು ದಾಖಲಾದರು. ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆ ಎಂದು ಗೊತ್ತಾಯಿತು. ಎರಡು ತಿಂಗಳಲ್ಲಿ ಅವರು ತೀರಿಕೊಂಡರು. ಅವರನ್ನು ನೋಡಿಕೊಂಡ ಎಳೆಯ ವೈದ್ಯ ಸ್ಟ್ಯಾನ್ಲಿ ಪ್ರುಸಿನರ್ ಅಂದಿನಿಂದ ಈ ರೋಗದ ಬೆನ್ನುಬಿದ್ದರು. ಹತ್ತು ವರ್ಷ ಹ್ಯಾಮ್‌ಸ್ಟರ್‌ಗಳ ಮಿದುಳನ್ನು ಸೋಸಿ, ಶುದ್ಧೀಕರಿಸಿ, ಮತ್ತೆ ಚುಚ್ಚಿ ನೋಡಿದ ಮೇಲೆ ಅವರಿಗೆ ಉಳಿದದ್ದು ಒಂದೇ ವಸ್ತು: ಪ್ರೋಟೀನು. 1982ರಲ್ಲಿ ಅದಕ್ಕೆ 'ಪ್ರಿಯಾನ್' ಎಂದು ಹೆಸರಿಟ್ಟರು. ಹಲವರು ಗೇಲಿ ಮಾಡಿದರು, ಕೆಲವರು ಸಿಟ್ಟಾದರು.

ಮುಂದಿನ ಶೋಧ ಇನ್ನೂ ಅಚ್ಚರಿಯದು. ಈ ಪ್ರೋಟೀನಿನ ಜೀನ್ ಹೊರಗಿನಿಂದ ಬಂದದ್ದಲ್ಲ. ಕುರಿ, ಹಸು, ಇಲಿ, ಮನುಷ್ಯ ಎಲ್ಲರಲ್ಲೂ ಹುಟ್ಟಿನಿಂದಲೇ ಇದೆ! ಒಂದೇ ಅಳತೆಯ ಕಾಗದವನ್ನು ಮಡಿಸಿ ಮಕ್ಕಳು ದೋಣಿ ಮಾಡಬಹುದು, ವಿಮಾನವನ್ನೂ ಮಾಡಬಹುದು. ಕಾಗದ ಒಂದೇ, ಮಡಿಕೆ ಬೇರೆ. ನಮ್ಮ ಮಿದುಳಿನಲ್ಲಿರುವುದು ದೋಣಿ. ರೋಗದ ಪ್ರಿಯಾನ್ ಎಂಬುದು ಅದೇ ಕಾಗದದ ವಿಮಾನ. ವಿಮಾನ ತಗುಲಿದ ದೋಣಿ ತಾನಾಗಿ ಬಿಚ್ಚಿಕೊಂಡು ವಿಮಾನವಾಗುತ್ತದೆ, ಅದು ಮತ್ತೊಂದನ್ನು ಬದಲಿಸುತ್ತದೆ. ಹಾಲಿಗೆ ಬಿದ್ದ ಹೆಪ್ಪಿನಂತೆ ಎನ್ನಬಹುದು. ಆದರೆ ಹೆಪ್ಪಿನಲ್ಲಿ ಜೀವಾಣುಗಳಾದರೂ ಇರುತ್ತವೆ, ಇಲ್ಲಿ ಅದೂ ಇಲ್ಲ. 1993ರಲ್ಲಿ ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ವೈಸ್‌ಮನ್ ಅವರ ತಂಡ ಈ ಜೀನನ್ನೇ ಕಿತ್ತುಹಾಕಿದ ಇಲಿಗಳಿಗೆ ಸ್ಕ್ರೇಪಿ ಚುಚ್ಚಿತು. ಇಲಿಗಳಿಗೆ ಏನೂ ಆಗಲಿಲ್ಲ. ಬದಲಾಗಲು ದೋಣಿಯೇ ಇರಲಿಲ್ಲ! 1997ರಲ್ಲಿ ಪ್ರುಸಿನರ್ ನೊಬೆಲ್ ಬಹುಮಾನ ಪಡೆದರು.

ತಾಮ್ರ ಹಿಡಿಯುವ ಕೈ

ಇಷ್ಟಾದರೂ ಒಂದು ಸರಳ ಪ್ರಶ್ನೆ ಉಳಿಯಿತು. ಈ ಪ್ರೋಟೀನು ನಮ್ಮ ಮಿದುಳಿನಲ್ಲಿ ಇರುವುದಾದರೂ ಯಾತಕ್ಕೆ? ರೋಗ ತರಲೆಂದೇ ನಿಸರ್ಗ ಇದನ್ನು ಇಟ್ಟಿರಲಾರದು.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಜೀವರಸಾಯನ ವಿಜ್ಞಾನಿ ಡೇವಿಡ್ ಬ್ರೌನ್ ಮುಖ್ಯರು. ಪ್ರಿಯಾನ್ ಪ್ರೋಟೀನಿನ ಒಂದು ತುದಿಯಲ್ಲಿ ಎಂಟು ಅಮೈನೋ ಆಮ್ಲಗಳ ಸಾಲೊಂದು ಜಪದಂತೆ ನಾಲ್ಕು ಬಾರಿ ಮರುಕಳಿಸುತ್ತದೆ. ಪ್ರತಿ ಸಾಲಿನಲ್ಲೂ ಒಂದು ಹಿಸ್ಟಿಡಿನ್ ಇದೆ. ಹಿಸ್ಟಿಡಿನ್ನಿಗೆ ತಾಮ್ರವೆಂದರೆ ಬಲು ಸೆಳೆತ. ಈ ಸಾಲುಗಳು ಜೀವಂತ ಮಿದುಳಿನಲ್ಲಿ ನಿಜವಾಗಿಯೂ ತಾಮ್ರವನ್ನು ಹಿಡಿಯುತ್ತವೆ ಎಂದು ಬ್ರೌನ್ ಮತ್ತು ಸಂಗಡಿಗರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದರು. ಪ್ರಿಯಾನ್ ಜೀನ್ ಇಲ್ಲದ ಇಲಿಗಳ ಮಿದುಳಿನ ಜೀವಕೋಶ ಪೊರೆಗಳಲ್ಲಿ ತಾಮ್ರ ಬಹಳ ಕಡಿಮೆ ಇದೆ ಎಂಬುದು ಅವರ ಸಾಕ್ಷ್ಯವಾಗಿತ್ತು.

ಕೇಂಬ್ರಿಜ್‌ನಲ್ಲಿ, ಆಮೇಲೆ ಬಾತ್ ವಿಶ್ವವಿದ್ಯಾಲಯದಲ್ಲಿ ಬ್ರೌನ್ ಈ ಜಾಡನ್ನೇ ಹಿಡಿದರು. ತಾಮ್ರದ ಜಾಗದಲ್ಲಿ ಬೇರೆ ಲೋಹ ಕೂತರೆ? 2000ದಲ್ಲಿ ಅವರ ತಂಡ ಮ್ಯಾಂಗನೀಸ್ ಕೂರಿಸಿ ನೋಡಿತು. ಪ್ರೋಟೀನಿನ ಮಡಿಕೆ ಬದಲಾಯಿತು. ಪ್ರೋಟೀನನ್ನು ಜೀರ್ಣಿಸುವ ಕಿಣ್ವಗಳಿಗೆ ಅದು ಸುಲಭವಾಗಿ ಬಗ್ಗಲಿಲ್ಲ. ರೋಗದ ಪ್ರಿಯಾನಿನ ಲಕ್ಷಣವೂ ಇದೇ ಅಲ್ಲವೇ! ಮರುವರ್ಷ ಬ್ರೌನ್ ಅವರೂ ಇದ್ದ ತಂಡವೊಂದು ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯಿಂದ ಸತ್ತವರ ಮಿದುಳನ್ನು ಪರೀಕ್ಷಿಸಿ, ಅಲ್ಲಿ ತಾಮ್ರ ಕಡಿಮೆಯಾಗಿದೆ, ಮ್ಯಾಂಗನೀಸ್ ಹೆಚ್ಚಾಗಿದೆ ಎಂದಿತು.

ಹಳೆಯ ಕೆಲವು ಸುಳಿವುಗಳೂ ಜೊತೆಗೂಡಿದವು. ಬ್ರಿಟನ್ನಿನ ಸ್ಕ್ರೇಪಿ ತಜ್ಞ ಇಯಾನ್ ಪ್ಯಾಟಿಸನ್ 1971ರಲ್ಲೇ ಒಂದು ವರದಿ ಬರೆದಿದ್ದರು. ತಾಮ್ರವನ್ನು ಕಟ್ಟಿಹಾಕುವ ಕ್ಯುಪ್ರಿಝೋನ್ ಎಂಬ ರಾಸಾಯನಿಕವನ್ನು ಇಲಿಗಳಿಗೆ ತಿನ್ನಿಸಿದಾಗ, ಅವುಗಳ ಮಿದುಳು ಸ್ಕ್ರೇಪಿ ಬಂದಂತೆಯೇ ತೂತುಬಿದ್ದಿತ್ತು.

ರೈತನೊಬ್ಬನ ವಾದ

ಪ್ರಯೋಗಶಾಲೆಯ ಹೊರಗೂ ಒಬ್ಬರು ಇದೇ ಲೋಹಗಳ ಹಿಂದೆ ಬಿದ್ದಿದ್ದರು. ಅವರೇ ಇಂಗ್ಲೆಂಡಿನ ಸೋಮರ್ಸೆಟ್ ಪ್ರಾಂತದ ಹೈನುಗಾರ ಮಾರ್ಕ್ ಪರ್ಡಿ. ದನಗಳ ಚರ್ಮದಡಿ ಬೆಳೆಯುವ ನೊಣದ ಹುಳುಗಳನ್ನು ಕೊಲ್ಲಲು ಬೆನ್ನಿನ ಮೇಲೆ ಕೀಟನಾಶಕ ಸುರಿಯಬೇಕೆಂದು ಸರ್ಕಾರ ಕಡ್ಡಾಯ ಮಾಡಿತ್ತು. ಪರ್ಡಿ ಒಪ್ಪದೆ ಕೋರ್ಟಿಗೆ ಹೋಗಿ 1984ರಲ್ಲಿ ಗೆದ್ದರು. ಹುಚ್ಚು ಹಸು ರೋಗ ಬಂದಾಗ ಆ ಕೀಟನಾಶಕದ ಮೇಲೆಯೇ ಅವರ ಗುಮಾನಿ ಹೋಯಿತು. ಆಮೇಲೆ ಅವರು ಸ್ವಂತ ಖರ್ಚಿನಲ್ಲಿ ಐಸ್‌ಲ್ಯಾಂಡ್, ಸ್ಲೊವಾಕಿಯಾ, ಅಮೆರಿಕದ ಕೊಲರಾಡೋ ಸುತ್ತಿದರು. ಇಂಥ ರೋಗಗಳು ಹೆಚ್ಚಾಗಿ ಕಂಡ ಜಾಗಗಳಲ್ಲಿ ಮಣ್ಣನ್ನೂ ಮೇವನ್ನೂ ಸಂಗ್ರಹಿಸಿದರು. ಅಲ್ಲೆಲ್ಲ ಮ್ಯಾಂಗನೀಸ್ ಹೆಚ್ಚು, ತಾಮ್ರ ಕಡಿಮೆ ಎಂಬುದು ಅವರ ವಾದ.

ಸರ್ಕಾರವನ್ನು ಎದುರಿಸಿದ ಒಂಟಿ ರೈತ. ಅವನ ಮಾತಿಗೆ ಪ್ರಯೋಗಶಾಲೆಯಿಂದಲೇ ಬಂದಂತಿದ್ದ ಬೆಂಬಲ. ಕಥೆ ಮನ ಸೆಳೆಯುವಂಥದು. ಪತ್ರಿಕೆಗಳು, ಟಿ.ವಿ. ಅದನ್ನು ಎತ್ತಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ವಾದ ಚೆಲುವಾಗಿದ್ದ ಮಾತ್ರಕ್ಕೆ ನಿಜವಾಗುವುದಿಲ್ಲ.

ಮಳೆಯೋ, ಕೊಡೆಯೋ?

ಬೀದಿಯಲ್ಲಿ ಕೊಡೆಗಳು ಹೆಚ್ಚಾಗಿ ಕಾಣುವ ದಿನ ಮಳೆಯೂ ಇರುತ್ತದೆ. ಹಾಗೆಂದು ಕೊಡೆ ಬಿಚ್ಚಿದ್ದರಿಂದಲೇ ಮಳೆ ಬಂತು ಎನ್ನಲಾದೀತೇ? ರೋಗಿಯ ಮಿದುಳಿನಲ್ಲಿ ಮ್ಯಾಂಗನೀಸ್ ಹೆಚ್ಚಿದ್ದರೆ, ಅದು ರೋಗದ ಕಾರಣವಾಗಿರಬಹುದು ಅಥವಾ ರೋಗದ ಪರಿಣಾಮವಾಗಿರಬಹುದು. ಇವೆರಡನ್ನು ಬೇರ್ಪಡಿಸುವುದೇ ವಿಜ್ಞಾನದ ಕಷ್ಟದ ಕೆಲಸ.

ಆ ಕೆಲಸ ನಡೆಯಿತು. 2000ದಲ್ಲಿ ಅಮೆರಿಕದ ಇನ್ನೊಂದು ತಂಡ ಬ್ರೌನ್ ಅವರ ಮೊದಲ ಸಾಕ್ಷ್ಯವನ್ನೇ ಮರುಪರೀಕ್ಷೆಗೆ ಒಡ್ಡಿತು. ಪ್ರಿಯಾನ್ ಪ್ರೋಟೀನು ಇರಲಿ, ಇಲ್ಲದಿರಲಿ, ಹೆಚ್ಚಿರಲಿ, ಇಲಿಯ ಮಿದುಳಿನ ತಾಮ್ರದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಪ್ರೋಟೀನು ತಾಮ್ರವನ್ನು ಹಿಡಿಯುತ್ತದೆ ಎಂಬ ಮಾತು ಮಾತ್ರ ಗಟ್ಟಿಯಾಗಿ ನಿಂತಿತು. ಹಿಡಿದು ಏನು ಮಾಡುತ್ತದೆ ಎಂಬುದು ಚರ್ಚೆಯಾಗಿಯೇ ಉಳಿಯಿತು.

2003ರಲ್ಲಿ ಇನ್ನೂ ಸ್ವಾರಸ್ಯಕರ ಸಂಗತಿ ನಡೆಯಿತು. ಒಂದು ತಂಡ ರೋಗ ಚುಚ್ಚಿದ ಇಲಿಗಳ ದೇಹದಿಂದ ಔಷಧಿ ಕೊಟ್ಟು ತಾಮ್ರವನ್ನು ಹೊರಹಾಕಿತು. ರೋಗ ಬರುವುದು ತಡವಾಯಿತು. ಇನ್ನೊಂದು ತಂಡ ಹ್ಯಾಮ್‌ಸ್ಟರ್‌ಗಳಿಗೆ ಕುಡಿಯುವ ನೀರಿನಲ್ಲಿ ತಾಮ್ರ ಕೊಟ್ಟಿತು. ಅಲ್ಲಿಯೂ ರೋಗ ತಡವಾಯಿತು! ತೆಗೆದರೂ ತಡ, ಕೊಟ್ಟರೂ ತಡ. ಇಂಥ ಫಲಿತಾಂಶದ ಮೇಲೆ ಯಾರಾದರೂ ಗುಳಿಗೆ ಮಾರಲು ಹೊರಟರೆ ಅವರಿಂದ ದೂರ ಇರುವುದೇ ಜಾಣತನ.

2010ರಲ್ಲಿ ಅಮೆರಿಕದ ತಂಡವೊಂದು ಬ್ಯಾಕ್ಟೀರಿಯಾಗಳಲ್ಲಿ ತಯಾರಿಸಿದ ಪ್ರಿಯಾನ್ ಪ್ರೋಟೀನಿಗೆ ಕೊಬ್ಬಿನ ಅಣುಗಳನ್ನೂ ಆರ್‌ಎನ್‌ಎಯನ್ನೂ ಬೆರೆಸಿ, ಇಲಿಗಳಿಗೆ ರೋಗ ತರುವ ಪ್ರಿಯಾನನ್ನೇ ಸೃಷ್ಟಿಸಿತು. ಅದಕ್ಕೆ ಮ್ಯಾಂಗನೀಸ್ ಬೇಕಾಗಲಿಲ್ಲ. ಹಸುಗಳ ಮಟ್ಟಿಗಂತೂ ಉತ್ತರ ಮೊದಲೇ ಸಿಕ್ಕಿತ್ತು. ಸತ್ತ ದನಕುರಿಗಳ ಮಾಂಸ ಮೂಳೆಯ ಪುಡಿಯನ್ನು ಹಸುಗಳಿಗೆ ತಿನ್ನಿಸುವುದನ್ನು ಬ್ರಿಟನ್ 1988ರಲ್ಲಿ ನಿಷೇಧಿಸಿತು. ರೋಗ ಅಡಗಿರುವ ಅವಧಿ ನಾಲ್ಕೈದು ವರ್ಷ. ಅದಕ್ಕೆ ಸರಿಯಾಗಿ 1992–93ರಲ್ಲಿ ಶಿಖರ ಮುಟ್ಟಿದ ರೋಗ ಇಳಿಯತೊಡಗಿತು. ಅಷ್ಟರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಸುಗಳು ಬಲಿಯಾಗಿದ್ದವು. ಬದಲಾದದ್ದು ಮೇವು, ಮಣ್ಣು ಇದ್ದಂತೆಯೇ ಇತ್ತು. ಪರ್ಡಿ 2006ರಲ್ಲಿ ತೀರಿಕೊಂಡರು. ಅವರು ಕೇಳಿದ ಪ್ರಶ್ನೆ ಕೇಳಬೇಕಾದದ್ದೇ ಆಗಿತ್ತು, ಕೊಟ್ಟ ಉತ್ತರ ಮಾತ್ರ ನಿಲ್ಲಲಿಲ್ಲ.

ಹೆಚ್ಚೂ ಕೇಡು, ಕಡಿಮೆಯೂ ಕೇಡು

ಹಾಗಾದರೆ ತಾಮ್ರ, ಮ್ಯಾಂಗನೀಸ್‌ಗಳನ್ನು ಮರೆತುಬಿಡಬಹುದೇ? ಖಂಡಿತ ಇಲ್ಲ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಇಂಥವನ್ನು ಲೇಶ ಧಾತುಗಳು ಎನ್ನುತ್ತಾರೆ. ವಯಸ್ಕರ ಇಡೀ ಮೈಯಲ್ಲಿರುವ ತಾಮ್ರ ಸುಮಾರು 100 ಮಿಲಿಗ್ರಾಂ, ಅಂದರೆ ಒಂದು ಚಿಟಿಕೆ. ಮ್ಯಾಂಗನೀಸ್ ಅದಕ್ಕೂ ಕಡಿಮೆ. ಆದರೆ ಆ ಚಿಟಿಕೆ ಏರುಪೇರಾದರೆ ಮಿದುಳೇ ಮುಗ್ಗರಿಸುತ್ತದೆ.

ಗಬ್ಬದ ಕುರಿಗೆ ತಾಮ್ರ ಸಾಲದಿದ್ದರೆ ಹುಟ್ಟುವ ಮರಿ ಹಿಂಗಾಲು ಎಳೆಯುತ್ತ ತೂರಾಡುತ್ತದೆ. ಆಸ್ಟ್ರೇಲಿಯಾದ ರೈತರಿಗೆ ಇದು, ತಾಮ್ರ ಸಾಲದ ಕುರಿಯ ಉಣ್ಣೆ ತಂತಿಯಂತಾಗುವುದು, ಎರಡೂ ಗೊತ್ತಿತ್ತು. 1972ರಲ್ಲಿ ಮೆಲ್ಬರ್ನಿನ ವೈದ್ಯ ಡೇವಿಡ್ ಡ್ಯಾಂಕ್ಸ್ ಮೆಂಕೆಸ್ ಕಾಯಿಲೆಯ ಶಿಶುಗಳ ಒರಟು ಕೂದಲನ್ನು ಮುಟ್ಟಿ ನೋಡಿದಾಗ ಆ ಉಣ್ಣೆ ನೆನಪಾಯಿತು. ಪರೀಕ್ಷಿಸಿದರೆ, ಆ ಮಕ್ಕಳ ಕರುಳು ತಾಮ್ರವನ್ನು ರಕ್ತಕ್ಕೆ ದಾಟಿಸುತ್ತಲೇ ಇರಲಿಲ್ಲ. ಇದರ ತದ್ವಿರುದ್ಧ ವಿಲ್ಸನ್ ಕಾಯಿಲೆ: ಹುಟ್ಟಿನಿಂದ ಬಂದ ದೋಷದಿಂದ ತಾಮ್ರ ಹೊರಹೋಗದೆ ಯಕೃತ್ತಿನಲ್ಲಿ, ಮಿದುಳಿನಲ್ಲಿ ಶೇಖರವಾಗುತ್ತದೆ. ಇದಕ್ಕೆ 1956ರಲ್ಲೇ ಔಷಧಿ ಸಿಕ್ಕಿದೆ. ಬೇಗ ಗುರುತಿಸಿದರೆ ರೋಗಿ ಬದುಕುತ್ತಾನೆ. ಮ್ಯಾಂಗನೀಸ್ ಪುಡಿಯ ನಡುವೆ ದುಡಿಯುತ್ತಿದ್ದ ಕಾರ್ಮಿಕರ ಕಾಲು ಸೋತು ನಡಿಗೆ ತಪ್ಪಿದ್ದನ್ನು ಸ್ಕಾಟ್ಲೆಂಡಿನ ವೈದ್ಯರೊಬ್ಬರು 1837ರಲ್ಲೇ ಬರೆದಿಟ್ಟಿದ್ದರು.

ನಮ್ಮ ಅಜ್ಜಿಯರ ಅಡುಗೆಮನೆಗೂ ಇದರ ಅರಿವಿತ್ತು. ಕಲಾಯಿ ಹಾಕಿಸದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಡಬಾರದು ಎಂಬ ಕಟ್ಟಳೆ ಸುಮ್ಮನೆ ಬಂದದ್ದಲ್ಲ. ಒಂದು ಕಾಲಕ್ಕೆ ಭಾರತದಲ್ಲಿ ಎಳೆಯ ಮಕ್ಕಳ ಯಕೃತ್ತು ಕೆಟ್ಟು ಸಾಯುವ ರೋಗವೊಂದಿತ್ತು. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ಈ ರೋಗಕ್ಕೂ ನಂಟಿದೆ ಎಂದು 1983ರಲ್ಲಿ ಪುಣೆಯ ವೈದ್ಯರು ಬ್ರಿಟನ್ನಿನ ವೈದ್ಯರೊಬ್ಬರ ಜೊತೆಗೂಡಿ ತೋರಿಸಿದರು. ಆ ಪಾತ್ರೆಗಳು ಮೂಲೆ ಸೇರಿದ ಮೇಲೆ ರೋಗವೂ ಅಪರೂಪವಾಯಿತು. ದಿನಕ್ಕೆ ಬೇಕಾದ ಒಂದೆರಡು ಮಿಲಿಗ್ರಾಂ ತಾಮ್ರ ಬೇಳೆಕಾಳು, ಎಳ್ಳು, ಕಡಲೆಕಾಯಿ, ಧಾನ್ಯಗಳಲ್ಲೇ ಸಿಗುತ್ತದೆ. 'ಮಿದುಳಿಗೆ ಬಲ' ಎಂಬ ಜಾಹೀರಾತು ನೋಡಿ, ಪರೀಕ್ಷೆ ಹತ್ತಿರ ಬಂದಿತೆಂದು ಮಕ್ಕಳಿಗೆ ಲೋಹದ ಗುಳಿಗೆ ತಿನ್ನಿಸುವ ಅಗತ್ಯವಿಲ್ಲ. ಕೊರತೆ ಇದೆಯೇ ಎಂಬುದನ್ನು ವೈದ್ಯರು ನಿರ್ಧರಿಸಲಿ.

ಉಳಿದ ಪ್ರಶ್ನೆ

ಭಾರತದ ಹಸುಗಳಲ್ಲಿ ಹುಚ್ಚು ಹಸು ರೋಗ ಕಂಡಿಲ್ಲ. ಆದರೆ ಜಗತ್ತಿನೆಲ್ಲೆಡೆ ವರ್ಷಕ್ಕೆ ಹತ್ತು ಲಕ್ಷದಲ್ಲಿ ಒಬ್ಬಿಬ್ಬರಿಗೆ ತಾನಾಗಿ ಬರುವ ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆ ಇಲ್ಲಿಯೂ ಇದೆ. ಇದಕ್ಕೂ ತಿನ್ನುವ ಆಹಾರಕ್ಕೂ ಸಂಬಂಧವಿಲ್ಲ. 1971ರಿಂದ 1990ರವರೆಗೆ ದೇಶದಲ್ಲಿ ಕಂಡ ಇಂಥ ರೋಗಿಗಳ ವಿವರ ಕಲೆಹಾಕಿ ಪ್ರಕಟಿಸಿದವರು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರಾದ ಪಿ. ಸತೀಶ್ಚಂದ್ರ ಮತ್ತು ಎಸ್.ಕೆ. ಶಂಕರ್.

ಕೆಲವು ಕುಟುಂಬಗಳಲ್ಲಿ ಪ್ರಿಯಾನ್ ರೋಗ ವಂಶದಲ್ಲೇ ಇಳಿದು ಬರುತ್ತದೆ. ಅಮೆರಿಕದ ಸೋನಿಯಾ ವಲ್ಲಭ್ ಕಾನೂನು ಓದಿದವರು. 2010ರಲ್ಲಿ ಅವರ ತಾಯಿ ಇಂಥ ಕಾಯಿಲೆಯಿಂದ ತೀರಿಕೊಂಡರು. ಮರುವರ್ಷ ಪರೀಕ್ಷೆ ಮಾಡಿಸಿದಾಗ ಅದೇ ಜೀನ್ ದೋಷ ತಮ್ಮಲ್ಲೂ ಇದೆ ಎಂದು ಗೊತ್ತಾಯಿತು. ಅವರು ವಕೀಲಿಯನ್ನು ಬದಿಗಿಟ್ಟರು. ಸಾರಿಗೆ ಯೋಜನೆಯ ಕೆಲಸದಲ್ಲಿದ್ದ ಪತಿ ಎರಿಕ್ ಮಿನಿಕೆಲ್ ಕೂಡ ನೌಕರಿ ಬಿಟ್ಟರು. ಇಬ್ಬರೂ ಮೊದಲಿನಿಂದ ಜೀವವಿಜ್ಞಾನ ಕಲಿತು, ಡಾಕ್ಟರೇಟ್ ಪಡೆದು, ಈ ರೋಗಕ್ಕೆ ಮದ್ದು ಹುಡುಕುವ ಸಂಶೋಧಕರಾದರು. ಅವರ ದಾರಿ ವೈಸ್‌ಮನ್ ಅವರ ಇಲಿಗಳು ತೋರಿಸಿದ್ದೇ: ಮಿದುಳಿನಲ್ಲಿ ಪ್ರಿಯಾನ್ ಪ್ರೋಟೀನನ್ನೇ ಕಡಿಮೆ ಮಾಡಿದರೆ ರೋಗಕ್ಕೆ ಆಸರೆ ಇರದು.

ಇಲ್ಲಿ ಬ್ರೌನ್ ಅವರ ಹಳೆಯ ಪ್ರಶ್ನೆ ಮತ್ತೆ ಬಾಗಿಲು ತಟ್ಟುತ್ತದೆ. ಪ್ರೋಟೀನನ್ನು ತಗ್ಗಿಸಿದರೆ ಅದು ಮಾಡುತ್ತಿದ್ದ ಕೆಲಸ ಏನಾಗುತ್ತದೆ? ಆ ಪ್ರೋಟೀನೇ ಇಲ್ಲದ ಇಲಿಗಳು ಬದುಕುತ್ತವೆ. ನಾರ್ವೆಯಲ್ಲಿ ಹುಟ್ಟಿನಿಂದಲೇ ಅದಿಲ್ಲದ ಆಡುಗಳೂ ಇವೆ. ಆದರೆ ವಯಸ್ಸಾದಂತೆ ಅಂಥ ಇಲಿಗಳ ಕೈಕಾಲುಗಳ ನರದ ಹೊದಿಕೆ ಸವೆಯುತ್ತದೆ ಎಂದು 2010ರಲ್ಲಿ ತಿಳಿಯಿತು. ಹಾಗಾಗಿ ಈ ಪ್ರೋಟೀನು ಹಿಡಿದಿರುವ ಚಿಟಿಕೆ ತಾಮ್ರದ ಲೆಕ್ಕ ಬರಿಯ ಪ್ರಯೋಗಶಾಲೆಯ ಕುತೂಹಲವಲ್ಲ. ಮದ್ದು ಎಷ್ಟು ಕೊಡಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದು ಅಂಥ ಲೆಕ್ಕಗಳ ಮೇಲೂ ನಿಂತಿದೆ.

ಕುರು ನಿಂತದ್ದು ಪದ್ಧತಿ ಬಿಟ್ಟಿದ್ದರಿಂದ, ಹುಚ್ಚು ಹಸು ರೋಗ ಇಳಿದದ್ದು ಮೇವು ಬದಲಿಸಿದ್ದರಿಂದ. ರೋಗ ಬರುವ ದಾರಿ ತಿಳಿದದ್ದೇ ಅಲ್ಲಿ ಸಾಕಾಯಿತು. ತಾಯಿಯಿಂದ ಮಗಳಿಗೆ ಇಳಿದು ಬರುವ ರೋಗಕ್ಕೆ ಅಂಥ ಬೇಲಿ ಹಾಕಲಾಗದು. ಅಲ್ಲಿ ಪ್ರೋಟೀನಿನ ಕೆಲಸವನ್ನು ಕೊನೆಯ ಮಡಿಕೆಯವರೆಗೂ ಬಿಡಿಸಿ ನೋಡಲೇಬೇಕು. ಬ್ರೌನ್ ಆರಂಭಿಸಿದ ಆ ಕೆಲಸ ಮುಗಿದಿಲ್ಲ. ಇಂದು ರಸಾಯನಶಾಸ್ತ್ರದ ಪುಸ್ತಕದಲ್ಲಿ ತಾಮ್ರದ ಪಾಠ ಓದುತ್ತಿರುವವರಿಗೂ ಅದರಲ್ಲಿ ಪಾಲು ಉಳಿದಿದೆ.